ಗಿರಣಿ ಕಣದ ಎಂಟು ಮಡಿ

ಸಿಮೆಂಟಿನ ಮೇಲೆ ಸೊಪ್ಪು ಬೆಳೆಯಬಹುದು ಎಂದು ಎಂಟು ಜನ ಹೆಂಗಸರನ್ನು ನಂಬಿಸಲು ನನಗೆ ಹದಿನೈದು ದಿನ ಬೇಕಾಯಿತು. ಗಂಗಾವತಿಯ ಅಂಚಿನಲ್ಲಿ ಮುಚ್ಚಿಹೋದ ಒಂದು ಅಕ್ಕಿ ಗಿರಣಿ. ಅದರ ಹಿಂದೆ, ಕುದಿಸಿದ ಭತ್ತ ಒಣಗಿಸಲೆಂದು ಯಾವ ಕಾಲದಲ್ಲೋ ಹಾಕಿಸಿದ್ದ ಸಿಮೆಂಟಿನ ಕಣ. ಗಿರಣಿಯ ಯಜಮಾನರು ಆ ಕಣವನ್ನೂ ಪಕ್ಕದ ಗೋದಾಮನ್ನೂ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರು. ಗೋದಾಮಿನಲ್ಲಿ ಏಳು ತಿಂಗಳು ಎಲ್ಲರೂ ಕೂಡಿ ವಾಸ, ಕಣದ ಮೇಲೆ ಕಲಿಕೆ. ಕಲಿತವರು ಅಲ್ಲೇ ಬೆಳೆದು ಅದೇ ಊರಿನ ಓಣಿಗಳಿಗೆ ಮಾರಿಕೊಂಡು ಬದುಕಬೇಕು. ಇದು ಯೋಜನೆ. ಬರೆದವಳು ನಾನು, ನಡೆಸಬೇಕಾದವಳೂ ನಾನೇ. ಹಾಗಾಗಿ ಬೇರೆಯವರನ್ನು ಬೈದುಕೊಳ್ಳುವ ಸುಖ ನನಗೆ ಇಲ್ಲ.

ಮೊದಲ ದಿನ ಗುಂಪಿನ ಹಿರಿಯಳು ಕಣದ ನಡುವೆ ನಿಂತು ಹಿಮ್ಮಡಿಯಿಂದ ಎರಡು ಸಲ ನೆಲವನ್ನು ಗುದ್ದಿ ನೋಡಿದಳು. ನಂತರ ನನ್ನ ಕಡೆ ತಿರುಗಿ, "ಇದರಾಗ ಬೇರು ಎಲ್ಲಿ ಇಳಿತಾವ್ರಿ ಅಕ್ಕಾರ?" ಎಂದಳು. ಉಳಿದ ಏಳು ಜನ ನಕ್ಕರು. ಕಲಿಸಲು ಬಂದವರನ್ನು ನಮ್ಮ ಕಡೆ ಅಕ್ಕಾರ ಎನ್ನುತ್ತಾರೆ, ಸಾಲಿಯ ಮೇಷ್ಟರಮ್ಮನಿಗೂ ಅದೇ ಹೆಸರು. ಆ ಹಿರಿಯಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ನಾನೂ ಹಾಗೇ ಕರೆಯತೊಡಗಿದೆ, ಅವಳು ನನಗಿಂತ ಹತ್ತು ಹನ್ನೆರಡು ವರ್ಷಕ್ಕಷ್ಟೇ ದೊಡ್ಡವಳಾಗಿದ್ದರೂ.

ಎಂಟು ಜನರೂ ಒಂದೇ ನಾಟಿ ಗುಂಪಿನವರು. ಕಾಲುವೆ ಬಯಲಿನಲ್ಲಿ ಭತ್ತದ ಸಸಿ ನೆಡುವುದು ಹೀಗೆ ಗುಂಪು ಕಟ್ಟಿಕೊಂಡ ಹೆಂಗಸರ ಕೆಲಸ. ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದು, ಕೆಸರಿನಲ್ಲಿ ಸಾಲಾಗಿ ಬಗ್ಗಿ ನಿಂತು, ಹಿಂದೆ ಹಿಂದೆ ಸರಿಯುತ್ತ ನೆಡುತ್ತಾರೆ. ಬಂದದ್ದನ್ನು ಸಮ ಪಾಲು ಮಾಡಿಕೊಳ್ಳುತ್ತಾರೆ, ಹಿರಿಯಳಿಗೂ ಅಷ್ಟೇ ಪಾಲು. ಸಾಲಿನಲ್ಲಿ ಒಬ್ಬಳು ಹಿಂದೆ ಬಿದ್ದರೆ ಎಡಬಲದವರು ಮಾತಿಲ್ಲದೆ ಅವಳ ಪಾಲನ್ನೂ ನೆಟ್ಟು ತುಂಬಿಸಿಬಿಡುತ್ತಾರೆ. ಅದನ್ನು ಯಾರೂ ಎತ್ತಿ ಆಡುವುದಿಲ್ಲ. ತುಂಬಿಸಿಕೊಂಡವಳೂ ಉಪಕಾರದ ಮಾತು ಆಡುವುದಿಲ್ಲ. ಮೊದಲ ವಾರವೇ ಇದನ್ನು ಅವರು ನನಗೆ ಹೇಳಿದ್ದರು. ಕೇಳಲು ಚೆನ್ನಾಗಿದೆ ಎಂದುಕೊಂಡು ಮುಂದಿನ ಪಾಠಕ್ಕೆ ಹೋಗಿದ್ದೆ.

ನಾಟಿ ಯಂತ್ರ ಬಂದ ಮೇಲೆ, ಬೀಜವನ್ನೇ ನೇರ ಬಿತ್ತುವುದು ಶುರುವಾದ ಮೇಲೆ ಇವರನ್ನು ಕರೆದೊಯ್ಯುವ ಟೆಂಪೋ ಓಣಿಗೆ ಬರುವುದು ಕಡಿಮೆಯಾಗಿತ್ತು. ದೊಡ್ಡವ್ವ ನಮ್ಮ ಕಚೇರಿಗೆ ತಾನಾಗಿಯೇ ಬಂದು ವಿಚಾರಿಸಿದ್ದಳು. ಏಳೂ ಜನರನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಅವಳು ಕೇಳಿದ್ದು ಒಂದೇ, ಕಲಿತ ಮೇಲೆ ಅವರವರ ಹೆಸರಿನಲ್ಲಿ ಕಾಗದ ಕೊಡುತ್ತೀರಾ ಎಂದು. ಕೊಡುತ್ತೇವೆ ಎಂದೆ. ಕಣದಲ್ಲಿ ಬೆಳೆದುಕೊಳ್ಳಲು ಮೂರು ವರ್ಷದ ಕರಾರು, ಒಬ್ಬೊಬ್ಬರಿಗೂ ಬೇರೆ ಬೇರೆ. "ಹಂಗಾರ ಬರ್ತೀವ್ರಿ. ನಾ ಕೆಲಸ ಬಿಟ್ಟು ಕುಂದ್ರೂದ್ರೊಳಗ ಇವರ ಕೈಯಾಗ ಒಂದು ಕಾಗದ ಇಡಬೇಕ್ರಿ" ಎಂದಳು.

ನನ್ನ ನಿಯಮ ಒಂದಿತ್ತು. ಸೊಪ್ಪು ಬೆಳೆಯಲು ಒಬ್ಬರಿಗೆ ಒಂದು ಮಡಿ, ಇನ್ನೊಬ್ಬರ ಕೈ ಅದನ್ನು ಮುಟ್ಟುವಂತಿಲ್ಲ. ಇದಕ್ಕೆ ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಯಲಬುರ್ಗಾ ಕಡೆ ಒಂದು ಹಳ್ಳಿಯಲ್ಲಿ ಹನ್ನೆರಡು ಹೆಂಗಸರಿಂದ ಕೂಡಿ ತೋಟ ಮಾಡಿಸಿದ್ದೆ. ಎಲ್ಲರದೂ ಎಂದಾದದ್ದು ಕ್ರಮೇಣ ಯಾರದೂ ಅಲ್ಲ ಎಂದಾಯಿತು. ಕೊನೆಗೆ ಅಧ್ಯಕ್ಷೆಯ ಮೈದುನ ಅದಕ್ಕೆ ಬೇಲಿ ಹಾಕಿಕೊಂಡು ತನ್ನದೆಂದ. ಆ ಹೆಂಗಸರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಹಾಗಾಗಿ ಗಂಗಾವತಿಯ ಯೋಜನೆ ಬರೆಯುವಾಗ ಈ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದೆ. ಕಾಗದ ಸಿಗಬೇಕಾದರೆ ಪ್ರತಿಯೊಬ್ಬಳೂ ತನ್ನ ಮಡಿಯನ್ನು ತಾನೇ ಮಾಡಿದ್ದಾಳೆಂದು ನಾನು ಸಹಿ ಹಾಕಬೇಕು.

ದೀಪಾವಳಿ ಮುಗಿದ ವಾರ ಮಡಿ ಕಟ್ಟಿದೆವು. ಕಣದ ಇಳಿಜಾರು ಯಾವ ಕಡೆ ಎಂದು ಒಂದು ಕೊಡ ನೀರು ಸುರಿದು ನೋಡಿ, ನೀರು ಹರಿದ ದಿಕ್ಕಿಗೇ ಉದ್ದುದ್ದ ಎಂಟು ಮಡಿ. ಸುತ್ತ ಎರಡು ವರಸೆ ಇಟ್ಟಿಗೆ, ಕೆಳಗಿನ ತುದಿಯಲ್ಲಿ ನೀರು ಹೋಗಲು ಅಲ್ಲಲ್ಲಿ ಬೆರಳು ತೂರುವಷ್ಟು ಸಂದು. ತಳಕ್ಕೆ ಒಡೆದ ಹೆಂಚಿನ ಚೂರು, ಅದರ ಮೇಲೆ ಒಂದು ಗೇಣು ಭತ್ತದ ಹುಲ್ಲು. ಹುಲ್ಲಿನ ಮೇಲೆ ಎರಡು ಬುಟ್ಟಿ ಕಾಲುವೆ ಹೂಳಿಗೆ ಒಂದು ಬುಟ್ಟಿ ಹಳೆ ಸಗಣಿ ಗೊಬ್ಬರ, ಅರ್ಧ ಬುಟ್ಟಿ ಸುಟ್ಟ ಹೊಟ್ಟು. ಹೂಳು ಒಂದೇ ಇದ್ದರೆ ಒಣಗಿ ಬಿರಿಯುತ್ತದೆ, ಹೊಟ್ಟು ಹೆಚ್ಚಾದರೆ ಎಲೆ ಹಳದಿಗೆ ತಿರುಗುತ್ತದೆ. ಗೋಣಿಚೀಲ ಹೊತ್ತು ಬೆಳೆದ ಮೈಗಳು ಅವರವು. ನಾನು ಎಂಟು ದಿನ ಎಂದು ಬರೆದುಕೊಂಡಿದ್ದ ಕೆಲಸ ಮೂರೇ ದಿನಕ್ಕೆ ಮುಗಿಯಿತು. ನನಗೆ ಅಂದು ಎಷ್ಟು ಖುಷಿಯಾಗಿತ್ತೆಂದರೆ ಸಂಜೆ ಪೇಟೆಗೆ ಹೋಗಿ ಎಲ್ಲರಿಗೂ ಮಿರ್ಚಿ ಕಟ್ಟಿಸಿಕೊಂಡು ಬಂದೆ.

ಮೊದಲ ಬಿತ್ತನೆ ನೀರಿನಲ್ಲಿ ಸತ್ತಿತು. ಮೆಂತ್ಯ ಮೂರನೇ ದಿನಕ್ಕೆ ಚೆಂದಾಗಿ ಎದ್ದಿತ್ತು, ಏಳನೇ ದಿನ ಬೆಳಿಗ್ಗೆ ನೋಡಿದರೆ ಬುಡ ಸೊರಗಿ ಸಾಲು ಸಾಲೇ ಮಲಗಿತ್ತು. ಇಟ್ಟಿಗೆಯ ಸಂದುಗಳಿಗೆ ಯಾರೋ ಕೆಸರು ಮೆತ್ತಿ ಬಿಗಿ ಮಾಡಿದ್ದರು. ಒಬ್ಬರಲ್ಲ, ಎಂಟೂ ಜನ. ಬೇಸಾಯವೆಂದರೆ ನೀರು ನಿಲ್ಲಿಸುವುದು ಎಂದೇ ತಿಳಿದ ಕೈಗಳು, ನೀರು ಹರಿದು ಹೋಗುವುದನ್ನು ನೋಡಿ ತಾಳಲಾರದೆ ಹೋಗಿದ್ದವು. ನಾನು ಕೂಗಾಡಿದೆ. ದೊಡ್ಡವ್ವ ಸಮಾಧಾನವಾಗಿ, ನೀರು ನಿಲ್ಲದ ಬೆಳೆಯನ್ನು ತಾವು ಕಂಡೇ ಇಲ್ಲ, ಅದನ್ನು ಮೊದಲು ಹೇಳಬೇಕಿತ್ತು ಎಂದಳು. ಮಾತು ಸರಿಯೇ ಇತ್ತು. ಅಂದಿನಿಂದ ಬೆರಳ ಪಾಠ ಶುರುವಾಯಿತು. ತೋರುಬೆರಳನ್ನು ಎರಡನೇ ಗಿಣ್ಣಿನವರೆಗೆ ಮಣ್ಣಿಗಿಳಿಸು, ಹೊರಗೆ ತೆಗೆದಾಗ ಮಣ್ಣು ಅಂಟಿದ್ದರೆ ನೀರು ಬೇಡ, ಪುಡಿಯಾಗಿ ಉದುರಿದರೆ ಬೇಕು. ಎಣ್ಣೆ ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು ನೀರು ಚಿಮುಕಿಸುವ ಡಬ್ಬಿ ಮಾಡಿಕೊಂಡೆವು.

ದಿನಾ ಸಂಜೆ ದಾಖಲೆ ಪುಸ್ತಕ. ನಾಲ್ವರಿಗೆ ಓದು ಬರಹ ಬರುತ್ತಿರಲಿಲ್ಲ, ಅದಕ್ಕೆ ಗುರುತು ಮಾಡಿಕೊಟ್ಟೆ. ನೀರು ಹಾಕಿದ್ದಕ್ಕೆ ಹನಿ, ಕಳೆ ತೆಗೆದದ್ದಕ್ಕೆ ಕುರ್ಚಿಗಿ ಎಂಬ ಕಳೆ ಕುಡುಗೋಲು, ಹುಳ ಕಂಡದ್ದಕ್ಕೆ ಸೊನ್ನೆ. ಎಂಟು ಜನಕ್ಕೆ ಎಂಟು ಪುಸ್ತಕ. ಅವರು ಅದನ್ನು ಅಕ್ಕಾರ ಪುಸ್ತಕ ಎನ್ನುತ್ತಿದ್ದರು, ತಮ್ಮ ಪುಸ್ತಕ ಎಂದು ಒಬ್ಬಳೂ ಅನ್ನಲಿಲ್ಲ. ಆಗ ಅದು ನನ್ನ ಕಿವಿಗೆ ಬೀಳಲಿಲ್ಲ. ದೊಡ್ಡವ್ವನ ಪುಸ್ತಕವನ್ನು ಪಕ್ಕದ ಮಡಿಯ ಎಡಗೈಯವಳು ತುಂಬುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿತ್ತು, ದೊಡ್ಡವ್ವನಿಗೆ ಬರುತ್ತಿರಲಿಲ್ಲ. ಹಾಗಾಗಿ ಅದು ಸಹಜವೆಂದೇ ಕಂಡಿತು. ಎಲ್ಲದಕ್ಕೂ ಎಡಗೈ ಮುಂದೆ ಮಾಡುವ ಅವಳನ್ನು ಗುಂಪಿನವರು ಎಡಚಿ ಎಂದು ರೇಗಿಸುತ್ತಿದ್ದರು. ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ.

ಸಂಕ್ರಾಂತಿಯ ಹೊತ್ತಿಗೆ ಕೈ ಕುದುರಿತು. ಮೆಂತ್ಯ, ಪಾಲಕ್, ರಾಜಗಿರಿ, ಹಕ್ಕರಕಿ, ಕೊತ್ತಂಬರಿ ಎಲ್ಲ ಬಂದವು. ಬೆಳಿಗ್ಗೆ ಕಿತ್ತು, ಸೂಡು ಕಟ್ಟಿ, ಒದ್ದೆ ಗೋಣಿಯಲ್ಲಿ ಸುತ್ತಿ ಓಣಿಗೆ ಹೊರಡುತ್ತಿದ್ದರು, ಮನೆಗಳವರು ಕಾಯುತ್ತಿದ್ದರು. ಎಂಟರಲ್ಲಿ ದೊಡ್ಡವ್ವನ ಮಡಿಯೇ ಮೇಲು. ಸಾಲು ನೇರ, ಕಳೆ ಇಲ್ಲ, ಒಂದು ಎಲೆಯ ಮೇಲೂ ಹುಳವಿಲ್ಲ. ಹೊರಗಿನವರು ನೋಡಲು ಬಂದರೆ ಮೊದಲು ಅಲ್ಲಿಗೇ ಕರೆದೊಯ್ಯುತ್ತಿದ್ದೆ. ದೊಡ್ಡವ್ವನನ್ನು ನೋಡಿ ಕಲಿಯಿರಿ ಎಂದು ಉಳಿದವರಿಗೆ ಹೇಳುತ್ತಿದ್ದೆ. ಅವರು ನೆಲ ನೋಡುತ್ತಿದ್ದರು. ಸಂಕೋಚ ಎಂದುಕೊಂಡೆ.

ಶಿವರಾತ್ರಿ ಕಳೆಯುತ್ತಲೇ ಕಣ ಕಾವಲಿಯಾಯಿತು. ಮಧ್ಯಾಹ್ನ ಸಿಮೆಂಟಿನ ಮೇಲೆ ಬರಿಗಾಲು ಇಡುವಂತಿರಲಿಲ್ಲ. ಬೇರು ಕಾವಿಗೆ ಬೆಂದು ಪಾಲಕ್ ಬಾಡಿತು. ಗಿರಣಿಯ ಹಳೆ ಚೀಲಗಳನ್ನು ಬಿಚ್ಚಿ ಹೊಲಿದು ಮೇಲೆ ನೆರಳು ಕಟ್ಟಿದೆವು. ಇಟ್ಟಿಗೆಯ ಹೊರಬದಿಗೆ ಹುಲ್ಲು ಒಟ್ಟಿ, ಹೊತ್ತು ಏರುವ ಮೊದಲು ಅದನ್ನು ತೋಯಿಸಿಡುವುದು ದಿನದ ಮೊದಲ ಕೆಲಸವಾಯಿತು. ಮೂರು ಮಡಿ ಹೋದವು, ಐದು ಉಳಿದವು. ಹೋದ ಮಡಿಯವರಿಗೆ ಮತ್ತೆ ಬೀಜ ಕೊಟ್ಟೆ. ಬೇಸಿಗೆಗೆ ಸೊಪ್ಪು ಕಡಿಮೆ ಮಾಡಿ ಬದನೆ, ಬೆಂಡೆ ಹಚ್ಚಿರೆಂದೆ.

ಯುಗಾದಿ ಕಳೆದ ವಾರ ದೊಡ್ಡವ್ವನ ಮಡಿಯಲ್ಲಿ ಬದನೆಯ ಸಸಿಗಳನ್ನು ನೋಡುತ್ತ ಕೂತಿದ್ದೆ. ಸಸಿ ನೆಟ್ಟ ಮೇಲೆ ಬುಡದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಬಲಗೈಯವರ ಒತ್ತು ಸಸಿಯ ಬಲಕ್ಕೆ ಬೀಳುತ್ತದೆ, ಸಸಿ ಕೂದಲೆಳೆಯಷ್ಟು ಎಡಕ್ಕೆ ವಾಲುತ್ತದೆ. ಸಾಲಿನಲ್ಲಿ ಏಳು ಸಸಿ ಹಾಗೆ ಇದ್ದವು. ಎಂಟನೆಯದು ತಿರುವುಮುರುವಾಗಿತ್ತು. ಮತ್ತೆ ಏಳು, ಮತ್ತೊಂದು ತಿರುವುಮುರುವು. ಮಡಿಯ ಕೊನೆಯವರೆಗೂ ಹೀಗೇ. ನಾನು ಇಪ್ಪತ್ತು ವರ್ಷ ಸಸಿ ನೋಡಿಕೊಂಡೇ ಬದುಕಿದವಳು. ಆ ಸಾಲು ನೆಟ್ಟವರು ಎಂಟು ಜನ, ಅದರಲ್ಲೊಬ್ಬಳು ಎಡಗೈಯವಳು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೈಯೆಲ್ಲ ಉರಿದು ಹೋಯಿತು. ನನ್ನ ಕಣ್ಣೆದುರೇ, ನನ್ನ ನಿಯಮಕ್ಕೆ ಮಣ್ಣೆರಚಿ, ಅದನ್ನೇ ಮಾದರಿ ಎಂದು ನನ್ನಿಂದ ಊರವರಿಗೆ ತೋರಿಸಿದ್ದಾರಲ್ಲ ಎನಿಸಿತು.

ಎಡಗೈಯವಳನ್ನು ಒಬ್ಬಳನ್ನೇ ಕರೆದು ಈ ಸಸಿ ಯಾರು ಹಚ್ಚಿದರು ಎಂದು ಕೇಳಿದೆ. ಅವಳು ಸುಳ್ಳು ಹೇಳಲು ಪ್ರಯತ್ನವನ್ನೂ ಮಾಡಲಿಲ್ಲ. "ನಾವು ಎಂಟೂ ಮಂದಿ ಹಚ್ಚೀವ್ರಿ. ಹಿಂದ ಬಿದ್ದಾಕಿದು ತುಂಬಬೇಕಲ್ರಿ" ಎಂದಳು. ನಾನು ಸ್ನಾನಕ್ಕೂ ಚಹಾಕ್ಕೂ ಹೋಗುವ ಬೆಳಗಿನ ಅರ್ಧ ಗಂಟೆಯಲ್ಲಿ ದಿನವೂ ಎಂಟೂ ಜನ ದೊಡ್ಡವ್ವನ ಮಡಿಗೆ ಇಳಿದು ಕೆಲಸ ಮುಗಿಸಿ, ನಾನು ಬರುವಷ್ಟರಲ್ಲಿ ತಂತಮ್ಮ ಮಡಿಗೆ ಹೋಗಿ ಕೂರುತ್ತಿದ್ದರಂತೆ. ಯಾಕೆ ಹಿಂದೆ ಬಿದ್ದಳು ಎಂದರೆ ಮಾತ್ರ ಬಾಯಿ ಬಿಡಲಿಲ್ಲ.

ದೊಡ್ಡವ್ವನನ್ನೇ ಕರೆದೆ. ಒಂದು ಮೊರದಲ್ಲಿ ಕೊತ್ತಂಬರಿ, ಮೆಂತ್ಯ, ಪಾಲಕ್ ಬೀಜ ಕಲಸಿಟ್ಟು ಬೇರೆ ಮಾಡು ಎಂದೆ. ಚಕಚಕನೆ ಬೇರೆ ಮಾಡಿದಳು, ಬೆರಳಿನಿಂದಲೇ. ಸಸ್ಯಹೇನು ಹತ್ತಿದ ಬೆಂಡೆಯ ಎಲೆ ಕೊಟ್ಟು ಏನಿದೆ ಎಂದೆ. ಹೆಬ್ಬೆರಳಿನಿಂದ ಸವರಿ, ಜಿಗಿ ಇದೆ, ಹೇನು ಬಿದ್ದಿದೆ ಎಂದಳು. ನನಗೇ ಅನುಮಾನ ಹುಟ್ಟಿತು, ತಪ್ಪು ತಿಳಿದೆನೇನೋ ಎಂದು. ಕೊನೆಗೆ ಎರಡು ಪಾಲಕ್ ಎಲೆ ಅವಳ ಕೈಯಲ್ಲಿಟ್ಟು ಯಾವುದು ಹಸಿರು, ಯಾವುದು ಹಳದಿ ಹೇಳು ಎಂದೆ. ಅವಳು ಎರಡನ್ನೂ ಬಹಳ ಹೊತ್ತು ಹಿಡಿದುಕೊಂಡಳು. ಮುಖದ ಪಕ್ಕಕ್ಕೆ ತಂದು ಓರೆಯಾಗಿ ನೋಡಿದಳು. ಆಮೇಲೆ ಎಲೆಗಳನ್ನು ಮೊರದಲ್ಲಿಟ್ಟಳು.

"ಕಾಣೂದಿಲ್ರಿ. ವರ್ಷ ಆತು. ನಡುವ ಮಸಿ ಚುಕ್ಕಿ ಕುಂತಂಗ ಐತಿ, ಬದಿಗಿಂದು ಅಷ್ಟ ಕಾಣತೈತಿ."

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಡಾಕ್ಟರು ಹೇಳಿದ್ದರಂತೆ, ಇವಳು ಗುಂಪಿನವರ ಹೊರತು ಯಾರಿಗೂ ಹೇಳಿರಲಿಲ್ಲ. ಕಣ್ಣಿಲ್ಲದವಳನ್ನು ತರಬೇತಿಗೆ ತೆಗೆದುಕೊಳ್ಳುವುದಿಲ್ಲ, ಅವಳು ಬಾರದೆ ಆ ಏಳು ಜನ ಓಣಿ ಬಿಟ್ಟು ಹೊರಡುವುದಿಲ್ಲ, ಇಷ್ಟು ಅವಳ ಲೆಕ್ಕ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು, ಅದರ ಜಾಗದಲ್ಲಿ ಭಯ ಬಂದು ಕೂತಿತು. ಕರಾರಿಗೆ ಇನ್ನು ಎರಡು ತಿಂಗಳಿತ್ತು. ಅವಳು ತಾನೇ ಮಾಡಿದ್ದಾಳೆಂದು ನಾನು ಸಹಿ ಹಾಕಬೇಕಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು ಅವಳು ಒಂದೇ ಮಾತು ಕೇಳಿದಳು. "ಕಾಗದ ಬರೋತನಾ ಸುಮ್ನಿರ್ರಿ ಅಕ್ಕಾರ. ಅವರ ಕೈಗೆ ಬಂದ ಮರುದಿನ ನಾನ ಎದ್ದು ಹೋಗ್ತೀನಿ."

ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಸುಲಭವಿತ್ತು. ಆದರೆ ಯಲಬುರ್ಗಾದ ಆ ಹನ್ನೆರಡು ಜನ ಕಣ್ಣ ಮುಂದೆ ಬರುತ್ತಿದ್ದರು. ಅಲ್ಲಿಯೂ ಯಾರ ಕೆಲಸ ಯಾರು ಮಾಡಿದರು ಎಂಬುದನ್ನು ಮುಚ್ಚಿಟ್ಟುಕೊಂಡೇ ಎಲ್ಲ ಹಾಳಾದದ್ದು. ಒಂದು ಸುಳ್ಳು ಸಹಿ ಹಾಕಿದರೆ ಉಳಿದ ಏಳು ಸಹಿಗೂ ಬೆಲೆಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಂದು ದಾರಿಯೂ ಹೊಳೆಯಿತು. ಇದ್ದದ್ದನ್ನು ಇದ್ದ ಹಾಗೆ ಬರೆದು, ಎಂಟು ಜನಕ್ಕೆ ಕೂಡಿಸಿ ಒಂದೇ ಕರಾರು ಕೊಡಿ ಎಂದು ಶಿಫಾರಸು ಮಾಡುವುದು. ಸತ್ಯವೂ ಉಳಿಯಿತು, ದೊಡ್ಡವ್ವನೂ ಉಳಿದಳು. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿ ಎರಡು ಪುಟ ಬರೆದು ಕೊಪ್ಪಳದ ಕಚೇರಿಗೆ ಒಯ್ದುಕೊಟ್ಟೆ. ದೊಡ್ಡವ್ವನನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿತ್ತು.

ಸಂಸ್ಥೆಯ ಕಾರ್ಯದರ್ಶಿ ಕೆಟ್ಟ ಮನುಷ್ಯರಲ್ಲ. ಎರಡೂ ಪುಟ ಓದಿ ಕನ್ನಡಕ ತೆಗೆದಿಟ್ಟರು. "ಮೇಡಂ, ಒಬ್ಬರಿಗೆ ಒಂದು ಮಡಿ ಅಂತ ಬರದಾವರು ನೀವ. ಈಗ ಎಂಟು ಮಂದಿಗೆ ಒಂದು ಕಾಗದ ಅಂದ್ರ ಮ್ಯಾಲಿನವರಿಗೆ ನಾ ಏನಂತ ಹೇಳ್ಲಿ?" ಎಂದರು. ನಾನು ವಾದ ಮಾಡಿದೆ. ಅವರು ಯೋಜನೆಯ ಪ್ರತಿ ತೆಗೆದು ನಾನೇ ಬರೆದ ಸಾಲುಗಳನ್ನು ನನಗೇ ಓದಿ ಹೇಳಿದರು. ಕೂಡುತೋಟದಲ್ಲಿ ದುರ್ಬಲರಿಗೆ ಅನ್ಯಾಯವಾಗುತ್ತದೆ ಎಂದು ಎಷ್ಟು ಚೆನ್ನಾಗಿ ಬರೆದಿದ್ದೆನೆಂದರೆ ಅದು ನನ್ನ ಈಗಿನ ವಾದವನ್ನೇ ಸೋಲಿಸಿತು. ಶಿಫಾರಸನ್ನು ಪಕ್ಕಕ್ಕಿಟ್ಟು, ಬರೆದುಕೊಟ್ಟ ಸತ್ಯವನ್ನು ಇಟ್ಟುಕೊಂಡರು. ಎಂಟು ಹೆಸರಿನ ಪಟ್ಟಿಯಲ್ಲಿ ಮೊದಲನೆಯದಾದ ದೊಡ್ಡವ್ವನ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು.

ಕಾರ ಹುಣ್ಣಿಮೆಯ ಹೊತ್ತಿಗೆ ಕರಾರು ಪತ್ರಗಳು ಬಂದವು. ಏಳು ಜನ ಸಹಿ ಹಾಕುವುದಿಲ್ಲವೆಂದು ಗೋದಾಮಿನ ಗೋಡೆಗೆ ಒರಗಿ ಕೂತರು. ನಾನು ಏನು ಹೇಳಿದರೂ ಒಬ್ಬರೂ ಮುಖ ಎತ್ತಲಿಲ್ಲ. ದೊಡ್ಡವ್ವ ಒಳಗೆ ತನ್ನ ಟ್ರಂಕು ಕಟ್ಟುತ್ತಿದ್ದವಳು ಹೊರಗೆ ಬಂದು, "ಸಹಿ ಮಾಡ್ರಿ ಸುಮ್ನ. ನನ್ನ ಸಂಬಂಧ ಉಪಾಸ ಕುಂದ್ರಬ್ಯಾಡ್ರಿ" ಎಂದಳು. ಅವಳ ಮಾತಿಗೆ ಎದ್ದು ಬಂದರು. ನಾಲ್ವರು ಸಹಿ, ಮೂವರು ಹೆಬ್ಬೆಟ್ಟು. ಎಡಗೈಯವಳು ಸಹಿ ಮಾಡುವಾಗ ಅಳುತ್ತಿದ್ದಳು, ಅಕ್ಷರ ಕಾಗದದಿಂದ ಆಚೆ ಹೋಯಿತು. ದೊಡ್ಡವ್ವ ನನ್ನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಅಂದೇ ಮಧ್ಯಾಹ್ನ ಆಟೋದಲ್ಲಿ ಟ್ರಂಕು ಇಟ್ಟುಕೊಂಡು ಓಣಿಗೆ ಹೊರಟುಹೋದಳು. ಮುಂದಿನ ವಾರ ನಾನೇ ಒತ್ತಾಯ ಮಾಡಿ ಅವಳನ್ನು ಕಣ್ಣಿನ ದವಾಖಾನೆಗೆ ಕರೆದೊಯ್ದೆ. ಹೋದ ನೋಟ ಬರುವುದಿಲ್ಲ, ಇದ್ದದ್ದನ್ನು ಉಳಿಸಲು ನೋಡೋಣ ಎಂದರು ಅಲ್ಲಿನ ಡಾಕ್ಟರು. ಹೋಗುವಾಗಲೂ ಬರುವಾಗಲೂ ಅವಳು ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಏಳು ಜನರೂ ಕೆಲಸ ಬಲ್ಲವರು. ಮಣ್ಣು, ನೀರು, ಹುಳ, ಬೀಜ ಯಾವುದರಲ್ಲಿ ಪರೀಕ್ಷೆ ಮಾಡಿದರೂ ಪಾಸಾಗುವವರು. ತೋಟ ಸಾಯುತ್ತ ಹೋದದ್ದು ಬೇರೆಯದಕ್ಕೆ.

ಮೊದಲು ನೀರು. ಬೋರಿನಿಂದ ತುಂಬುವ ತೊಟ್ಟಿ ಒಂದೇ, ಕರೆಂಟು ಬರುವ ಹೊತ್ತಿಗೆ ನಿಯಮವಿಲ್ಲ. ಮೊದಲು ಬಂದವಳು ತನ್ನ ಮಡಿ ತುಂಬಿಸಿಕೊಂಡು ಹೋಗತೊಡಗಿದಳು, ಕೊನೆಯವಳಿಗೆ ತೊಟ್ಟಿಯ ತಳದ ರಾಡಿ. ನಾನು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಓದು ಬರುವವರು ಅದನ್ನು ತಮಗೆ ಬೇಕಾದಂತೆ ಓದಿದರು, ಬಾರದವರು ನಂಬಲಿಲ್ಲ. ಆಮೇಲೆ ಕೊತ್ತಂಬರಿ. ಪೇಟೆಯಲ್ಲಿ ಅದಕ್ಕೆ ಬೇಡಿಕೆ ಎದ್ದ ವಾರ ಏಳೂ ಜನ ಒಬ್ಬರಿಗೊಬ್ಬರು ಹೇಳದೆ ಅದನ್ನೇ ಬಿತ್ತಿದರು. ಒಂದೇ ದಿನ ಏಳು ಬುಟ್ಟಿ ಒಂದೇ ಓಣಿಗೆ ಹೋದವು. ಸಂಜೆ ಬಾಡಿದ ಸೂಡುಗಳು ಎಮ್ಮೆಗಳ ಮುಂದೆ ಬಿದ್ದವು. ಮನೆಗಳವರು ಮತ್ತೆ ಸಂತೆಯ ಕಡೆ ಮುಖ ಮಾಡಿದರು.

ಶ್ರಾವಣದಲ್ಲಿ ಒಬ್ಬಳ ಮಡಿಗೆ ಹೇನು ಬಿತ್ತು. ಅವಳು ತನ್ನ ಪುಸ್ತಕದಲ್ಲಿ ಸೊನ್ನೆ ಬರೆದು ಬೇವಿನ ಕಷಾಯ ಹೊಡೆದುಕೊಂಡಳು, ಪಕ್ಕದವಳಿಗೆ ಹೇಳಲಿಲ್ಲ. ಹತ್ತು ದಿನಕ್ಕೆ ಏಳೂ ಮಡಿ ಜಿಗಿಯಿಂದ ಕಪ್ಪಾದವು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಇನ್ನೊಬ್ಬರ ಮಡಿಯ ಸುದ್ದಿ ತನಗೆ ಬೇಡ ಅಂತ ಅಕ್ಕಾರೇ ಹೇಳಿದ್ದರಲ್ಲ ಎಂದಳು. ಆ ಮಾತಿನಲ್ಲಿ ಕುಹಕ ಇರಲಿಲ್ಲ. ಅವಳು ನಿಜವಾಗಿಯೂ ನನ್ನ ಪಾಠವನ್ನೇ ಒಪ್ಪಿಸುತ್ತಿದ್ದಳು.

ನಾಟಿಯ ಕಾಲ ಬಂದಾಗ ಟೆಂಪೋದವನು ಓಣಿಗೆ ಬಂದು ಗುಂಪು ಕೇಳಿದ. ಗುಂಪು ಇರಲಿಲ್ಲ. ಇಬ್ಬರು ಬೇರೆ ಗುಂಪಿನ ಬಾಲಕ್ಕೆ ಸೇರಿಕೊಂಡು ಹೋದರು, ಒಬ್ಬಳು ಕಾರಟಗಿ ಕಡೆ ಗಿರಣಿಯಲ್ಲಿ ಕಸ ಹೊಡೆಯಲು ಹೋದಳು. ದಸರೆಯ ಹೊತ್ತಿಗೆ ಕಣದ ಮೇಲೆ ಹಸಿರಾಗಿದ್ದದ್ದು ಎರಡು ಮಡಿ. ಖಾಲಿ ಮಡಿಗಳ ಹೂಳು ಒಣಗಿ ಬಿರಿದಿತ್ತು. ಗಿರಣಿಯ ಯಜಮಾನರು ಎರಡು ಸಲ ಬಂದು ನೋಡಿ, ಕಣದ ಅಳತೆ ತೆಗೆಸಿಕೊಂಡು ಹೋದರು.

ಆಗ ನಾನು ದೊಡ್ಡವ್ವನ ಮನೆಗೆ ಹೋದೆ. ಹೋಗಬೇಕಾದದ್ದು ಬಹಳ ಮೊದಲೇ. ಮುಖ ಇರಲಿಲ್ಲ. ಅವಳು ಹೊಸ್ತಿಲ ಬಳಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಹರಳು ಸಿಕ್ಕಾಗ ಬೆರಳು ನಿಲ್ಲುತ್ತಿತ್ತು, ತೆಗೆದು ಎಸೆದು ಮುಂದೆ ಸರಿಯುತ್ತಿತ್ತು. ನನ್ನ ದನಿ ಕೇಳಿ, "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಮಣೆಯನ್ನು ಕಾಲಿನಿಂದ ಹುಡುಕಿ ನನ್ನ ಕಡೆ ತಳ್ಳಿದಳು. ನಾನು ಕೂತು ಎಲ್ಲ ಹೇಳಿದೆ. ನೀರು, ಕೊತ್ತಂಬರಿ, ಹೇನು. ಅವಳಿಗೆ ಮೊದಲೇ ಗೊತ್ತಿತ್ತು, ಆದರೂ ಕೊನೆಯವರೆಗೆ ಕೇಳಿದಳು. ಒಂದು ಸಲ ಕಣಕ್ಕೆ ಬಂದು ಏಳು ಜನರನ್ನು ಕೂಡಿಸಿ ಮಾತಾಡಬೇಕೆಂದು ಕೇಳಿಕೊಂಡೆ.

"ಪಟ್ಟಿಯಾಗ ಹೆಸರು ಹೊಡಿಸಿಕೊಂಡಾಕಿ ನಾ. ಯಾವ ಬಾಯಿಲೆ ಹೇಳ್ಲಿ? ಕೇಳಾಕ ಗುಂಪರ ಎಲ್ಲೈತ್ರಿ? ಒಬ್ಬಾಕಿ ಮನಿಗೆ ಒಬ್ಬಾಕಿ ಹೋಗೂದಿಲ್ಲ ಈಗ."

ಅವಳು ಮೊರವನ್ನು ಒಂದು ಸಲ ಕೊಡವಿ ಪಕ್ಕಕ್ಕಿಟ್ಟಳು.

"ನೀವು ಛಲೋ ಕಲಿಸಿದ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ತಂತಮ್ಮ ಮಡಿಯಾಗ ಅವರು ನಿಮ್ಮ ಪುಸ್ತಕದ ಸಲುವಾಗಿ ದುಡೀತಿದ್ರು. ನನ್ನ ಮಡಿಗೆ ಬಂದಾಗ ಅಷ್ಟ ಒಬ್ಬರಿಗೊಬ್ಬರು ಹೇಳಿಕೊಡ್ತಿದ್ರು. ಹುಳಾ ಎಲ್ಲಿ ಕಂಡ್ತು, ಇವತ್ತು ನೀರು ಯಾರಿಗೆ ಮೊದಲ, ಯಾರು ಏನು ಬಿತ್ತಬೇಕು, ಎಲ್ಲಾ ಅಲ್ಲೇ ಆಗತಿತ್ತು. ಮೊದಮೊದಲ ನಾ ಹೇಳ್ತಿದ್ದೆ. ಆಮ್ಯಾಲ ಸುಮ್ನ ನಿಂತು ಕೇಳ್ತಿದ್ದೆ. ಇನ್ನೊಂದೆರಡು ತಿಂಗಳು ಹಂಗ ನಡದಿದ್ರ ನಾ ಇಲ್ದನ ನಡಸತಿದ್ರು."

ಅದನ್ನು ನನಗೆ ಅಂದೇ ಹೇಳಬಾರದಿತ್ತೇ ಎಂದೆ.

"ಕಾಗದ ಬರೋತನಾ ಸುಮ್ನಿರ್ರಿ ಅಂತ ಹೇಳಿದ್ನಲ್ರಿ" ಎಂದಳು ದೊಡ್ಡವ್ವ.

ಅವಳು ಚಹಾ ಮಾಡುತ್ತೇನೆಂದು ಎದ್ದಳು. ಬೇಡವೆಂದೆ. ಒಲೆಯ ಕಡೆ ಗೋಡೆ ಹಿಡಿದು ಹೋದಳು, ಮಾಡಿ ತಂದಳು, ಕುಡಿದೆ. ಕ್ಷಮಿಸು ಎಂಬ ಮಾತನ್ನು ಹೋಗುವಾಗಲೇ ಕಟ್ಟಿಕೊಂಡು ಹೋಗಿದ್ದೆ, ಅದನ್ನು ಆಡಲು ಆಗಲಿಲ್ಲ.

ಸುಗ್ಗಿಗೆ ಮೊದಲು ಯಜಮಾನರು ಕಣ ಹಿಂದಕ್ಕೆ ತೆಗೆದುಕೊಂಡರು. ಉಳಿದಿದ್ದವಳು ಎಡಗೈಯವಳೊಬ್ಬಳೇ. ಕರಾರು ಇನ್ನೂ ಎರಡು ವರ್ಷಕ್ಕೂ ಹೆಚ್ಚು ಇತ್ತು. ಅವಳು ಅದನ್ನು ತೋರಿಸಿ ವಾದಿಸಲೂ ಹೋಗಲಿಲ್ಲ, ಒಬ್ಬಳೇ ಎಷ್ಟು ದಿನ ಎಂದಳು. ಮಡಿಗಳ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಒಯ್ದರು, ಇಟ್ಟಿಗೆ ಬೇರೆ ಒಟ್ಟಿದರು. ಕಣವನ್ನು ತೊಳೆದಾಗ ಎಂಟು ಮಡಿಗಳ ಜಾಗ ತಿಳಿಗಪ್ಪಾಗಿ ಕಾಣುತ್ತಿತ್ತು. ಎರಡು ದಿನ ಭತ್ತ ಒಣಗಿಸಿದ ಮೇಲೆ ಅದೂ ಕಾಣಲಿಲ್ಲ.

ಕೊನೆಯ ವರದಿ ನಾನೇ ಬರೆಯಬೇಕಿತ್ತು. ಬೀಜ, ಮಣ್ಣು, ನೀರು, ಹುಳ ಎಲ್ಲದರ ಬಗ್ಗೆ ವಿವರವಾಗಿ ಬರೆದೆ, ಆದ ತಪ್ಪುಗಳನ್ನೂ ಬರೆದೆ. ನನ್ನ ತಪ್ಪಿನ ಪುಟವನ್ನು ಕಾರ್ಯದರ್ಶಿ ಓದಿ, ಇಷ್ಟು ಬೇಡ ಎಂದು ತೆಗೆಸಿದರು. ನಾನೂ ಹಟ ಮಾಡಲಿಲ್ಲ, ಹಟ ಮಾಡುವ ಶಕ್ತಿ ಉಳಿದಿರಲಿಲ್ಲ. ಕೊನೆಯ ಪುಟದಲ್ಲಿ ತರಬೇತಿ ನೀಡಿದವರು ಎಂಬುದರ ಮುಂದೆ ಒಂದು ಖಾಲಿ ಗೆರೆ ಇತ್ತು. ದೊಡ್ಡವ್ವನ ಹೆಸರು ಬರೆಯಲೆಂದು ಪೆನ್ನು ಹಿಡಿದೆ. ಆಮೇಲೆ ನನ್ನ ಹೆಸರು ಬರೆದು ಕಳಿಸಿದೆ.